ಬದುವಿನ ಹುಲ್ಲು

ಕನ್ನಡ ಎಂ.ಎ. ಪದವಿಯಿಂದ ಲೋಕಕ್ಕೆ ಏನು ಪ್ರಯೋಜನವೆಂದು ಕೇಳುವವರಿಗೆ ನಾನು ಇದುವರೆಗೆ ಸಮರ್ಪಕವಾದ ಉತ್ತರ ಕೊಟ್ಟಿರಲಿಲ್ಲ. ಈಗ ಕೊಡಬಲ್ಲೆ. ಜೋಳದ ಬೆಳೆಗೆ ರೋಗ ಬಿದ್ದು ಅಣ್ಣತಮ್ಮಂದಿರ ನಡುವೆ ವ್ಯಾಜ್ಯ ಹುಟ್ಟಿದಾಗ ನ್ಯಾಯ ಹೇಳುವುದಕ್ಕೆ ಅದು ಉಪಯೋಗವಾಗುತ್ತದೆ. ಕಡೆಯ ಪಕ್ಷ ನನ್ನ ಸೋದರಮಾವನವರು ಹಾಗೆಂದು ನಂಬಿದ್ದಾರೆ. "ಓದಿದಾಂವ" ಎಂಬ ಒಂದೇ ಮಾತಿನಲ್ಲಿ ಅವರು ವೈದ್ಯ, ವಕೀಲ, ಇಂಜಿನಿಯರ್, ಉಪನ್ಯಾಸಕ ಎಲ್ಲರನ್ನೂ ಸೇರಿಸಿಬಿಡುತ್ತಾರೆ.

ನನ್ನ ತಾಯಿಯ ತವರು ಹಲವಾಗಲು. ಹರಪನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರೆಗೆ ಸಮೀಪವಾಗಿರುವ ಊರು. ಊರು ಇದ್ದಲ್ಲಿಯೇ ಇದೆ; ಜಿಲ್ಲೆ ಮಾತ್ರ ಅದರ ತಲೆಯ ಮೇಲಿಂದ ಅತ್ತಿತ್ತ ಹಾದುಹೋಗಿದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮಾವನವರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಮೂರು ಜಿಲ್ಲೆಗಳ ಮೊಹರು ಬಿದ್ದ ಕಾಗದಗಳಿವೆ. ಅವುಗಳಲ್ಲಿ ಒಂದು, ಹಿರಿಯ ಮಾವನಿಗೂ ಕಿರಿಯ ಮಾವನಿಗೂ ಆದ ಪಾಲುಪಟ್ಟಿ.

ಪಾಲಾಗಿ ಒಂಬತ್ತು ವರ್ಷವಾಯಿತು. ಇಬ್ಬರ ಹೊಲಗಳ ನಡುವೆ ಒಂದು ಬದು. ಬದುವಿನ ಪೂರ್ವಕ್ಕೆ ಹಿರಿಯರ ಎರೆಹೊಲ. ಮುಂಗಾರಿಗೆ ಮೆಕ್ಕೆಜೋಳ, ಹಿಂಗಾರಿಗೆ ಬಿಳಿಜೋಳ. ಪಶ್ಚಿಮಕ್ಕೆ ಕಿರಿಯರದು. ಕಿರಿಯ ಮಾವನವರಿಗೆ ಮೂರು ವರ್ಷದ ಹಿಂದೆ ಸೊಂಟದ ನೋವು ಹಿಡಿದುದರಿಂದ ಅರ್ಧ ಹೊಲವನ್ನು ಬೀಳುಬಿಟ್ಟಿದ್ದಾರೆ. ಬೀಳಿನಲ್ಲಿ ಹುಲ್ಲು ಆಳೆತ್ತರ ಬೆಳೆದಿದೆ. ಅದನ್ನು ಕೊಯ್ದು ಹಾಕಿ ಕಿರಿಯ ಅತ್ತೆ ಎರಡು ಹಸು ಸಾಕಿದ್ದಾರೆ. ಮನೆಯ ಖರ್ಚು, ಮಗಳ ಕಾಲೇಜಿನ ಶುಲ್ಕ ಎಲ್ಲವೂ ಆ ಹಾಲಿನ ಮೇಲೆ ನಿಂತಿದೆ.

ಈ ಸಲ ಎಳ್ಳಮಾವಾಸ್ಯೆಗೆ ಹೋಗಿದ್ದೆ. ನಗರದಲ್ಲಿ ಹುಟ್ಟಿ ಬೆಳೆದ ವಾಚಕರಿಗಾಗಿ ಒಂದು ಮಾತು: ನಮ್ಮ ಸೀಮೆಯಲ್ಲಿ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತೇವೆ. ಆಮೇಲೆ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹೋಳಿಗೆಗಳ ಊಟ. ಈ ಊಟದ ಆಸೆಯಿಂದ ನಾನು ಪ್ರತಿವರ್ಷ ಒಂದು ದಿನದ ರಜೆ ಹಾಕುವುದುಂಟು.

ಚರಗದ ಬುಟ್ಟಿ ಹಿಡಿದು ಹಿರಿಯ ಮಾವನ ಹಿಂದೆ ಜೋಳದೊಳಗೆ ನಡೆಯುತ್ತಿದ್ದೆ. ಬದುವಿನ ಹತ್ತಿರ ಬಂದಾಗ ಅವರು ನಿಂತರು. ಅಲ್ಲಿಯ ಜೋಳ ಎದೆಯ ಮಟ್ಟಕ್ಕೆ ನಿಂತುಹೋಗಿತ್ತು. ಗರಿಗಳ ಮೇಲೆ ಬುಡದಿಂದ ತುದಿಯವರೆಗೆ ತಿಳಿಹಳದಿಯ ಪಟ್ಟೆಗಳು. ಯಾರೋ ಸುಣ್ಣದ ಕುಂಚದಿಂದ ಗೆರೆ ಎಳೆದಂತೆ. ತೆನೆ ಒಡೆಯಿಂದ ಹೊರಕ್ಕೆ ಬಾರದೆ ಅಲ್ಲಿಯೇ ಸಿಕ್ಕಿಕೊಂಡಿತ್ತು. ಬಿಡಿಸಿ ನೋಡಿದರೆ ಕಾಳಿಲ್ಲ, ಬರಿಯ ಹೊಟ್ಟು. ಹೀಗೆ ಸುಮಾರು ಒಂದು ಎಕರೆ. ದೂರ ಹೋದಂತೆ ಅಲ್ಲೊಂದು ಇಲ್ಲೊಂದು.

"ನೋಡಪ್ಪಾ ಮಾಸ್ತರ, ಇದು ನಿಮ್ಮ ಸಣ್ಣ ಮಾವನ ದಾನ," ಎಂದರು ಹಿರಿಯರು. "ಆ ಬೀಳಿನ ಹುಲ್ಲಾಗಿಂದ ಬಂದೈತಿ. ಮದ್ದು ತಂದಿಟ್ಟೀನಿ. ನಾಳೆ ಬದು, ಬೀಳು ಎಲ್ಲಾ ಸುಟ್ಟು ಬೂದಿ ಮಾಡ್ತೀನಿ. ನೀನು ಹೇಳಿದ್ರ ಅವ ಕೇಳ್ತಾನ. ಹೇಳು."

ಮದ್ದೆಂದರೆ ಕಳೆನಾಶಕ. ಐದು ಲೀಟರಿನ ಡಬ್ಬಿ ಪಡಸಾಲೆಯಲ್ಲಿಯೇ ಇತ್ತು. ಬದುವಿನ ಆಚೆ ಕಿರಿಯ ಅತ್ತೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದರು. ನಮ್ಮ ಮಾತು ಅವರಿಗೆ ಕೇಳಿಸಿತ್ತು. ಅವರು ಒಂದು ಮಾತನ್ನೂ ಆಡಲಿಲ್ಲ; ಹೊರೆಯನ್ನು ಇಳಿಸಲೂ ಇಲ್ಲ.

ನ್ಯಾಯಾಧೀಶರು ಇಂಥ ಸಂದರ್ಭದಲ್ಲಿ ಮಾಡುವುದನ್ನೇ ನಾನೂ ಮಾಡಿದೆ, ವಾಯಿದೆ ಕೇಳಿದೆ. ಒಂದು ತಿಂಗಳು ಡಬ್ಬಿಯ ಮುಚ್ಚಳ ತೆಗೆಯಬಾರದೆಂದು ಮಾತು ಪಡೆದು, ಪಟ್ಟೆ ಬಿದ್ದ ಮೂರು ಗರಿಗಳನ್ನು ಛಂದಸ್ಸಿನ ಪಾಠದ ಟಿಪ್ಪಣಿಯ ಪುಸ್ತಕದಲ್ಲಿಟ್ಟುಕೊಂಡು ಮರಳಿದೆ.

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮಿತ್ರರು ಗರಿಗಳನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಂಜುರೋಗದ ಹಾಗಿದೆ. ಜೋಳದ ಪಟ್ಟೆರೋಗ" ಎಂದರು. ನಂಜು ಎಂದರೆ ವೈರಸ್. ನಮ್ಮ ರೈತರು ಈ ಮಾತನ್ನು ವಿಷಕ್ಕೂ ಗಾಯದ ಕೀವಿಗೂ ಬಳಸುತ್ತಾರೆ. ಲ್ಯಾಟಿನ್ ಭಾಷೆಯಲ್ಲಿಯೂ ವೈರಸ್ ಎಂದರೆ ವಿಷವೇ. ಎರಡು ಭಾಷೆಗಳು ಪರಸ್ಪರ ಕೇಳದೆ ಒಂದೇ ಹೆಸರಿಟ್ಟಿರುವುದು ನನ್ನಂಥವನಿಗೆ ಸಂತೋಷದ ವಿಷಯ. ಸಸ್ಯಶಾಸ್ತ್ರದ ಮಿತ್ರರಿಗೆ ಇದರಲ್ಲಿ ಆಸಕ್ತಿ ಕಾಣಿಸಲಿಲ್ಲ.

ಈ ರೋಗಕ್ಕೆ ನಮ್ಮ ದೇಶದಲ್ಲಿ ತಕ್ಕಷ್ಟು ಚರಿತ್ರೆ ಇದೆ. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ ಇಕ್ರಿಸ್ಯಾಟಿನ ವಿಜ್ಞಾನಿಗಳು, ಭಾರತದ ಜೋಳದಲ್ಲಿ ಕಾಣುವ ಈ ಪಟ್ಟೆಗಳಿಗೆ ಮೆಕ್ಕೆಜೋಳದ ಪಟ್ಟೆರೋಗದ ವೈರಸ್ಸಿನದೇ ಒಂದು ಬಗೆ ಕಾರಣವೆಂದು 1991ರಲ್ಲಿ ವರದಿ ಮಾಡಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿ. ಮುನಿಯಪ್ಪನವರೂ ವೈ. ಡಿ. ನಾರಾಯಣರೂ 1990ರ ದಶಕದಲ್ಲಿ ಕರ್ನಾಟಕದ ಜೋಳದ ಹೊಲಗಳನ್ನು ಸುತ್ತಿ, ಈ ರೋಗವನ್ನೂ ಅದನ್ನು ಹೊತ್ತು ತಿರುಗುವ ಕೀಟವನ್ನೂ ವಿವರವಾಗಿ ಅಭ್ಯಾಸ ಮಾಡಿದರು. ಆ ಕೀಟವನ್ನು ರೈತರು ಸುಳಿತಿಗಣೆ ಎನ್ನುತ್ತಾರೆ. ಪೆರಿಗ್ರಿನಸ್ ಮೇಡಿಸ್ ಎಂಬುದು ಶಾಸ್ತ್ರದ ಹೆಸರು. ಪೆರಿಗ್ರಿನಸ್ ಎಂದರೆ ಪರದೇಶಿ, ಅಲೆಮಾರಿ. ಇದನ್ನು ಇಟ್ಟವನು ಒಳ್ಳೆಯ ಕವಿ.

ಇಲ್ಲಿ ಒಂದು ಮೂಲಭೂತವಾದ ತೊಡಕನ್ನು ಗಮನಿಸಬೇಕು. ವೈರಸ್ಸಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅದು ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದು. 1892ರಲ್ಲಿ ರಷ್ಯದ ಇವನೋವ್ಸ್ಕಿ ರೋಗ ಹಿಡಿದ ತಂಬಾಕಿನ ರಸವನ್ನು, ಬ್ಯಾಕ್ಟೀರಿಯಾಗಳೂ ದಾಟಲಾರದ ಶೋಧಕದಲ್ಲಿ ಸೋಸಿದರೂ ರೋಗ ಅದರಲ್ಲಿಯೇ ಉಳಿದುದನ್ನು ಕಂಡ. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದನ್ನು ಜೀವವುಳ್ಳ ದ್ರವವೆಂದು ಕರೆದ. ಅದೇನೇ ಇರಲಿ, ಗಿಡವೂ ಕಾಲಿಲ್ಲದ್ದು. ಅಷ್ಟೇ ಅಲ್ಲದೆ ಗಿಡದ ಒಂದೊಂದು ಜೀವಕೋಶಕ್ಕೂ ಗಟ್ಟಿಯಾದ ಗೋಡೆಯಿದೆ. ಮನುಷ್ಯರಂತೆ ಗಿಡಗಳು ಕೆಮ್ಮಿ ಸೀನಿ ರೋಗ ಹಂಚಲಾರವು. ಹಾಗಾದರೆ ಒಂದು ಹುಲ್ಲಿನ ಎಸಳಿನಿಂದ ಇನ್ನೊಂದಕ್ಕೆ ರೋಗ ಹೋಗುವುದು ಹೇಗೆ? ಗೋಡೆಗೆ ಕನ್ನ ಹಾಕುವವನು ಬೇಕು. ಸೂಜಿಯಂಥ ಬಾಯಿಯುಳ್ಳ ಹೇನು, ಜಿಗಿಹುಳು, ತಿಗಣೆಗಳೇ ಆ ಕನ್ನಗಳ್ಳರು.

ಈ ಗುಟ್ಟನ್ನು ಮೊದಲು ಒಡೆದವರಲ್ಲಿ ಒಬ್ಬ ರೈತನಿದ್ದಾನೆಂಬುದು ಸ್ಮರಣೀಯ. 19ನೆಯ ಶತಮಾನದ ಕೊನೆಯಲ್ಲಿ ಜಪಾನಿನ ಶಿಗಾ ಪ್ರಾಂತದ ಹಾಷಿಮೊಟೊ ಎಂಬ ಬತ್ತದ ಬೇಸಾಯಗಾರ, ಬತ್ತದ ಗಿಡ್ಡರೋಗಕ್ಕೂ ಜಿಗಿಹುಳಕ್ಕೂ ಸಂಬಂಧವಿದೆಯೆಂದು ತನ್ನ ಗದ್ದೆಯಲ್ಲಿಯೇ ಕಂಡುಕೊಂಡ. ವೈರಸ್ ಎಂಬ ಕಲ್ಪನೆಯೇ ಸ್ಪಷ್ಟವಾಗಿರದ ಕಾಲ ಅದು. ಮುಂದೆ ಅದೇ ದೇಶದ ಫುಕುಷಿ 1933ರಲ್ಲಿ ಇನ್ನೂ ವಿಸ್ಮಯಕರವಾದ ಸಂಗತಿಯನ್ನು ಪ್ರಕಟಿಸಿದ: ತಾಯಿಹುಳದ ಮೈಯಲ್ಲಿದ್ದ ವೈರಸ್ ಮೊಟ್ಟೆಯ ಮೂಲಕ ಮರಿಗೂ ಇಳಿಯುತ್ತದೆ. ರೋಗದ ಗಿಡವನ್ನು ಎಂದೂ ಮುಟ್ಟದ ಮರಿಗಳು ಏಳು ತಲೆಮಾರಿನವರೆಗೂ ರೋಗ ಹಂಚುತ್ತಲೇ ಹೋದವೆಂದು ಅವನ ಮುಂದಿನ ಪ್ರಯೋಗಗಳು ತೋರಿಸಿದವು. ಪಿತ್ರಾರ್ಜಿತ ಆಸ್ತಿ ಏಳು ತಲೆಮಾರಿನವರೆಗೆ ಕರಗದಿರುವುದು ಮನುಷ್ಯರಲ್ಲಿ ಅಪರೂಪ.

ನಮ್ಮ ಜೋಳದ ಪಟ್ಟೆರೋಗವೂ ಇದೇ ಜಾತಿಯದು. ಸುಳಿತಿಗಣೆ ರೋಗದ ಗಿಡದ ರಸ ಹೀರಿದ ಕೂಡಲೇ ಅಪಾಯಕಾರಿಯಾಗುವುದಿಲ್ಲ. ವೈರಸ್ ಅದರ ಕರುಳನ್ನು ದಾಟಿ, ಮೈಯಲ್ಲೆಲ್ಲ ಬೆಳೆದು, ಎಂಜಲಿನ ಗ್ರಂಥಿಯನ್ನು ಸೇರಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ. ಒಮ್ಮೆ ಸೇರಿತೆಂದರೆ ಬದುಕಿರುವವರೆಗೂ ಬಿಡದು, ಮೊಟ್ಟೆಗೂ ಇಳಿಯುವುದು. ಕೆಲವು ಹುಳುಗಳಲ್ಲಿ ಕರುಳಿನ ಗೋಡೆಯೇ ಕೋಟೆಯಾಗಿ ವೈರಸ್ಸನ್ನು ತಡೆಯುತ್ತದೆ. ಆಫ್ರಿಕದ ಮೆಕ್ಕೆಜೋಳದ ಗೆರೆರೋಗವನ್ನು ಅಭ್ಯಾಸ ಮಾಡುತ್ತಿದ್ದ ಸ್ಟೋರಿ ಎಂಬ ವಿಜ್ಞಾನಿ, ರೋಗ ಹಂಚಲಾರದ ಜಿಗಿಹುಳದ ಹೊಟ್ಟೆಯನ್ನು ನವುರಾದ ಸೂಜಿಯಿಂದ ಚುಚ್ಚಿ, ಆಮೇಲೆ ಅದು ರೋಗ ಹಂಚಬಲ್ಲುದೆಂದು 1933ರಲ್ಲಿ ತೋರಿಸಿದ. ಸಾಸಿವೆಕಾಳಿನಷ್ಟು ಗಾತ್ರದ ಹುಳದ ಹೊಟ್ಟೆಗೆ ಸೂಜಿ ಚುಚ್ಚಿದ ಆ ಕೈಯ ನಿಯಂತ್ರಣವನ್ನು ನೆನೆದರೆ, ಉತ್ತರಪತ್ರಿಕೆಗಳ ಅಂಕ ಕೂಡಿಸುವಾಗಲೇ ನಡುಗುವ ನನ್ನ ಕೈಗೆ ನಾಚಿಕೆಯಾಗುತ್ತದೆ.

ಹೇನುಗಳದು ಬೇರೆ ದಾರಿ. ಅವು ಹೊತ್ತು ತರುವ ಅನೇಕ ಮೊಸಾಯಿಕ್ ರೋಗಗಳಲ್ಲಿ ವೈರಸ್ ಬಾಯಿಯ ಸೂಜಿಗೆ ಅಂಟಿಕೊಂಡಿರುತ್ತದೆ, ಅಷ್ಟೆ. ಕೆಲವು ಕ್ಷಣಗಳಲ್ಲಿ ಅಂಟುತ್ತದೆ, ಕೆಲವು ಗಂಟೆಗಳಲ್ಲಿ ಹೋಗಿಬಿಡುತ್ತದೆ. ಒಂದೊಂದು ಮನೆಯಲ್ಲಿ ಒಂದೊಂದು ತುತ್ತು ರುಚಿ ನೋಡಿ ಮುಂದೆ ಹೋಗುವ ಅತಿಥಿಯಂತೆ ಹೇನು ತಿರುಗಿದಷ್ಟೂ ರೋಗ ಹರಡುತ್ತದೆ. ಔಷಧ ಸಿಂಪಡಿಸಿದರೆ ಇಂಥ ರೋಗ ಅಷ್ಟಾಗಿ ನಿಲ್ಲದಿರುವುದಕ್ಕೆ ಇದೇ ಕಾರಣ. ಹೇನು ಸಾಯುವುದರೊಳಗೆ ಅದರ ಕೆಲಸ ಮುಗಿದಿರುತ್ತದೆ.

ನಮ್ಮ ರಾಗಿಯೂ ಈ ಕಾಟದಿಂದ ಹೊರತಲ್ಲ. 1977ರಲ್ಲಿ ಅಮೆರಿಕದ ಕಾರ್ಲ್ ಮರಾಮೊರೋಷ್, ಬೆಂಗಳೂರಿನ ಎಚ್. ಸಿ. ಗೋವಿಂದು, ಇವರಿಬ್ಬರ ಸಹೋದ್ಯೋಗಿ ಕೊಂಡೊ ಸೇರಿ, ಕರ್ನಾಟಕದ ರೋಗಿಷ್ಠ ರಾಗಿಯಲ್ಲಿ ಬಂದೂಕಿನ ಗುಂಡಿನಂಥ ಆಕಾರದ ವೈರಸ್ ಕಣಗಳಿರುವುದನ್ನು ವರದಿ ಮಾಡಿದರು. ಹುಚ್ಚುನಾಯಿ ರೋಗದ ವೈರಸ್ ಇದೇ ವಂಶದ್ದು. ಗೃಹಿಣಿಯರು ಗಾಬರಿಗೊಳ್ಳಬೇಕಾಗಿಲ್ಲ. ವಂಶ ಒಂದಾದರೂ ಮನೆತನ ಬೇರೆ; ಗಿಡದ ವೈರಸ್ ಮನುಷ್ಯನಿಗೂ ಹಸುವಿಗೂ ತಗಲುವುದಿಲ್ಲ. ಪಟ್ಟೆರೋಗ ಬಿದ್ದ ಹೊಲದ ಜೋಳದ ರೊಟ್ಟಿಯಿಂದ ಆ ರೋಗ ಯಾರಿಗೂ ಬಾರದು. ರೊಟ್ಟಿಯ ಸಂಖ್ಯೆ ಕಡಿಮೆಯಾಗುವುದೊಂದೇ ಅದರಿಂದ ನಮಗಾಗುವ ಬಾಧೆ.

ಈಗ ಹಿರಿಯ ಮಾವನವರ ಫಿರ್ಯಾದಿಗೆ ಬರೋಣ. ಬೀಳಿನ ಹುಲ್ಲು ರೋಗದ ಉಗ್ರಾಣವೇ? ಅದನ್ನು ಸುಟ್ಟರೆ ರೋಗ ಹೋಗುತ್ತದೆಯೆ?

ಮಿತ್ರರು ಇದಕ್ಕೆ ನೇರವಾಗಿ ಉತ್ತರಿಸದೆ ನನ್ನನ್ನು ಕ್ಯಾಲಿಫೋರ್ನಿಯಕ್ಕೆ ಕರೆದೊಯ್ದರು, ಮಾತಿನಲ್ಲಿ. ಅಲ್ಲಿ ವಿಸ್ತಾರವಾದ ಹುಲ್ಲುಗಾವಲುಗಳಿವೆ. ಒಂದು ಕಾಲಕ್ಕೆ ಅಲ್ಲಿದ್ದುದು ವರ್ಷಗಟ್ಟಲೆ ಬಾಳುವ, ಬುಡದಿಂದ ಮತ್ತೆ ಮತ್ತೆ ಚಿಗುರುವ ದೇಶೀ ಹುಲ್ಲು. ಯುರೋಪಿನವರು ಬಂದಾಗ ಅವರ ದನಗಳೊಂದಿಗೆ, ಕಾಳುಗಳೊಂದಿಗೆ ಕಾಡು ಓಟ್ಸಿನಂಥ ಒಂದೇ ವರ್ಷ ಬಾಳುವ ಹುಲ್ಲುಗಳೂ ಬಂದವು. ಬಂದವು ಇದ್ದುವನ್ನು ಓಡಿಸಿ, ಲಕ್ಷಾಂತರ ಎಕರೆಗಳನ್ನು ಆಕ್ರಮಿಸಿದವು. ಇದು ಹೇಗಾಯಿತೆಂಬುದು ಬಹುಕಾಲದ ಒಗಟು. ಏಕೆಂದರೆ ಸಮಬಲದ ಹೋರಾಟದಲ್ಲಿ ಆಳವಾಗಿ ಬೇರು ಬಿಟ್ಟ ದೇಶೀ ಹುಲ್ಲೇ ಗೆಲ್ಲಬೇಕು.

ಒಗಟಿನ ಒಂದು ಎಳೆ ಸಿಕ್ಕಿದ್ದು ವೈರಸ್ಸಿನಲ್ಲಿ. 1951ರಲ್ಲಿ ಅದೇ ಕ್ಯಾಲಿಫೋರ್ನಿಯದಲ್ಲಿ ಆಸ್ವಾಲ್ಡ್ ಮತ್ತು ಹ್ಯೂಸ್ಟನ್ ಎಂಬಿಬ್ಬರು ಬಾರ್ಲಿಯ ಹಳದಿ ಗಿಡ್ಡರೋಗವನ್ನು ಮೊದಲು ವರ್ಣಿಸಿದ್ದರು. ಹೇನುಗಳಿಂದ ಹರಡುವ ಇದು ನೂರಕ್ಕೂ ಹೆಚ್ಚು ಜಾತಿಯ ಹುಲ್ಲುಗಳಿಗೆ ತಗಲಬಲ್ಲುದು. ಬಹುಕಾಲ ಇದನ್ನು ಪೈರಿನ ರೋಗವೆಂದೇ ನೋಡಿದರು. ಪೈರಿಗೆ ಕಾಡುಹುಲ್ಲಿನಿಂದ ಬರುತ್ತದೆಂದು ಕಾಡುಹುಲ್ಲನ್ನು ದೂರಿದರು. ಅಂದರೆ ನನ್ನ ಹಿರಿಯ ಮಾವನ ವಾದವೇ. ಸುಮಾರು ಇಪ್ಪತ್ತು ವರ್ಷಗಳಿಂದೀಚೆಗೆ ಕೆಲವರು ಪ್ರಶ್ನೆಯನ್ನು ತಿರುವಿ ಕೇಳಿದರು: ಹುಲ್ಲಿಗೆ ಏನಾಗುತ್ತಿದೆ? ಆಗ ಕಂಡದ್ದಿದು. ಕಾಡು ಓಟ್ಸಿನ ಮೇಲೆ ಹೇನು ಮಿತಿಮೀರಿ ಬೆಳೆಯುತ್ತದೆ. ಅದು ಪಕ್ಕದಲ್ಲಿದ್ದರೆ ದೇಶೀ ಹುಲ್ಲಿಗೆ ತಗಲುವ ರೋಗವೂ ಹೆಚ್ಚುತ್ತದೆ. ಬಂದ ಹುಲ್ಲು ಹೇಗಿದ್ದರೂ ವರ್ಷಕ್ಕೊಮ್ಮೆ ಸತ್ತು, ರೋಗವಿಲ್ಲದ ಬೀಜದಿಂದ ಹೊಸದಾಗಿ ಹುಟ್ಟುತ್ತದೆ. ದೇಶೀ ಹುಲ್ಲಾದರೋ ಒಮ್ಮೆ ತಗಲಿದ ನಂಜನ್ನು ವರ್ಷವರ್ಷವೂ ಮೈಯಲ್ಲಿ ಹೊತ್ತು ಸೊರಗಬೇಕು. 2007ರಲ್ಲಿ ಬೋರರ್ ಮತ್ತು ಅವರ ಸಂಗಡಿಗರು ಗಣಿತದಿಂದ ತೋರಿಸಿದ್ದೂ ಇದನ್ನೇ: ವೈರಸ್ ಇಲ್ಲದಿದ್ದರೆ ದೇಶೀ ಹುಲ್ಲು ಸೋಲುತ್ತಿರಲಿಲ್ಲ, ವೈರಸ್ಸಿನ ಸಹಾಯದಿಂದ ಹೊರಗಿನದು ಗೆದ್ದಿತು.

ಹುಲ್ಲುಗಾವಲೆಂದರೆ ಒಂದು ಹಸಿರು ಜಮಖಾನವಲ್ಲ, ಒಂದು ಊರು ಎಂದು ನನಗೆ ಆಗ ಅನ್ನಿಸಿತು. ಅಲ್ಲಿ ಹಳೆಯ ಮನೆತನಗಳಿವೆ, ನಿನ್ನೆ ಬಂದವರಿದ್ದಾರೆ; ರೋಗ ತಾಗಿದರೂ ತೋರಗೊಡದವರಿದ್ದಾರೆ, ತಾಗಿದ ಕೂಡಲೇ ಮಲಗುವವರಿದ್ದಾರೆ; ಮನೆಮನೆಗೆ ಸುತ್ತುವ ಹೇನುಗಳಿಗೆ ತಮ್ಮದೇ ರುಚಿಗಳಿವೆ. ಯಾರು ಎಷ್ಟು ಮಂದಿ ಇದ್ದಾರೆ, ಹುಳಕ್ಕೆ ಯಾರ ಮನೆಯ ಊಟ ಇಷ್ಟ ಎಂಬುದರ ಮೇಲೆ ಊರಿನ ರೋಗದ ಲೆಕ್ಕ ನಿಲ್ಲುತ್ತದೆ. ಎಲ್ಲ ಹುಲ್ಲೂ ಒಂದೇ ಎನ್ನುವವನು ಊರನ್ನು ದೂರದಿಂದ ನೋಡಿದವನು.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಬದುವಿನ ಕಳೆಯೇ ಅಪರಾಧಿಯಾದ ಮೊಕದ್ದಮೆ ನಮ್ಮ ಮಗ್ಗುಲಲ್ಲಿಯೇ ನಡೆದಿದೆ. ಬಳ್ಳಾರಿಗೆ ಹೊಂದಿಕೊಂಡಿರುವ ಅನಂತಪುರ ಜಿಲ್ಲೆಯಲ್ಲಿ 2000ನೆಯ ಇಸವಿಯಲ್ಲಿ ಶೇಂಗಾ ಬೆಳೆ ಸುಳಿ ಸುಟ್ಟು, ಕಾಂಡ ಕಪ್ಪಾಗಿ ಸತ್ತಿತು. ಸುಮಾರು 2.25 ಲಕ್ಷ ಹೆಕ್ಟೇರಿನಲ್ಲಿ ರೋಗ. ನಷ್ಟ 300 ಕೋಟಿ ರೂಪಾಯಿಗೂ ಮಿಕ್ಕಿತ್ತೆಂದು ಅಂದಾಜು. ವಿಜ್ಞಾನಿಗಳು ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ತಂಬಾಕಿನ ಗೆರೆರೋಗದ ವೈರಸ್. ಅದರ ತವರುಮನೆ ಪಾರ್ಥೇನಿಯಂ, ನಮ್ಮವರು ಕಾಂಗ್ರೆಸ್ ಗಿಡವೆನ್ನುವುದು. 1950ರ ದಶಕದಲ್ಲಿ ಪುಣೆಯ ಕಡೆ ಗಮನಕ್ಕೆ ಬಂದ ಈ ಕಳೆ ಇಂದು ಇಲ್ಲದ ರಸ್ತೆಯಂಚು, ಬೀಳುಭೂಮಿ ನಮ್ಮಲ್ಲಿಲ್ಲ. ಅದಕ್ಕೆ ವೈರಸ್ ತಗಲಿದರೂ ಮುಖದಲ್ಲಿ ಕಾಣದು. ಹಸಿರಾಗಿ ನಗುತ್ತಲೇ ಇರುತ್ತದೆ. ಆದರೆ ಪರಾಗದಲ್ಲಿ ವೈರಸ್ ತುಂಬಿರುತ್ತದೆ. ಹೂವಿನಲ್ಲಿ ಆಡುವ ನುಸಿಗಳ ಮೈಗೆ ಆ ಪರಾಗ ಮೆತ್ತಿಕೊಂಡು ಶೇಂಗಾದ ಎಲೆಗೆ ಬರುತ್ತದೆ. ನುಸಿ ಎಲೆಯನ್ನು ಕೆರೆದ ಗಾಯದಲ್ಲಿ ವೈರಸ್ ಒಳಹೊಗುತ್ತದೆ. 1997ರಲ್ಲಿ ಬಾಗೇಪಲ್ಲಿಯ ಬಳಿ ಮೊದಲು ಕಂಡ ಸೂರ್ಯಕಾಂತಿಯ ಸಾಯುವ ರೋಗಕ್ಕೂ ಇದೇ ವೈರಸ್ ಕಾರಣ. ನಮ್ಮ ಸೀಮೆಯಲ್ಲಿ ಸೂರ್ಯಕಾಂತಿಯನ್ನು ಬಿಟ್ಟು ಮೆಕ್ಕೆಜೋಳಕ್ಕೆ ತಿರುಗಿದವರನ್ನು ಕೇಳಿದರೆ ಆ ಕಥೆಯನ್ನು ನಿಟ್ಟುಸಿರಿನೊಂದಿಗೆ ಹೇಳುತ್ತಾರೆ.

ಎಂದರೆ ಕಳೆ ನಿರಪರಾಧಿಯೆಂದು ಮೊದಲೇ ತೀರ್ಪು ಬರೆದಿಡುವಂತಿಲ್ಲ. ಯಾವ ಕಳೆ, ಯಾವ ಹುಳು, ಯಾವ ಬೆಳೆ ಎಂದು ಒಂದೊಂದನ್ನೂ ಕರೆದು ವಿಚಾರಿಸಬೇಕು.

"ಸುಳಿತಿಗಣೆಗೆ ಹೆಚ್ಚು ಪ್ರಿಯವಾದುದು ಯಾವುದು?" ಎಂದು ಕೇಳಿದೆ.

"ಜೋಳ, ಮೆಕ್ಕೆಜೋಳ, ಅವುಗಳ ಹತ್ತಿರದ ಬಳಗ," ಎಂದರು ಮಿತ್ರರು. "ಮರಿ ಬೆಳೆಸುವುದು ಮುಖ್ಯವಾಗಿ ಅವುಗಳಲ್ಲಿಯೇ. ಗರಿಯ ನಡುದಂಟಿನಲ್ಲಿ ಮೊಟ್ಟೆ ಇಡುತ್ತದೆ. ಊಟ ಸಮೃದ್ಧವಾಗಿರುವವರೆಗೆ ಬಹಳಷ್ಟು ಹುಳುಗಳಿಗೆ ಮೋಟು ರೆಕ್ಕೆ, ಹಾರುವ ಅವಶ್ಯಕತೆಯಿಲ್ಲ. ಸಂದಣಿ ಹೆಚ್ಚಿ ಗಿಡ ಒಣಗುತ್ತ ಬಂತೆಂದರೆ ಉದ್ದ ರೆಕ್ಕೆಯ ಪೀಳಿಗೆ ಹುಟ್ಟಿ, ಹಸಿರಿರುವ ಕಡೆಗೆ ಹಾರುತ್ತದೆ. ನೀವು ಹೋಗಿ ಹುಲ್ಲನ್ನು ನೋಡಬೇಡಿ. ಇರುವೆಯನ್ನು ನೋಡಿ."

"ಇರುವೆಯನ್ನೆ?"

"ಈ ತಿಗಣೆ ಸಿಹಿಯಾದ ಅಂಟನ್ನು ಸುರಿಸುತ್ತದೆ. ಅದನ್ನು ನೆಕ್ಕಲು ಇರುವೆಗಳು ಸಾಲುಗಟ್ಟಿ ಸುಳಿಗೆ ಏರುತ್ತವೆ. ಇರುವೆ ಎಲ್ಲಿ ಏರುತ್ತದೆಯೋ ಅಲ್ಲಿ ನಿಮ್ಮ ಕಳ್ಳ."

ಬೀಳ್ಕೊಡುವಾಗ ಅವರು ನನ್ನನ್ನು ಸಮಾಧಾನಪಡಿಸಲೋ ಎಂಬಂತೆ ಇನ್ನೊಂದು ವಿಷಯ ಹೇಳಿದರು. ಗಿಡದ ವೈರಸ್ ರೋಗದ ಅತ್ಯಂತ ಹಳೆಯ ದಾಖಲೆ ಎಂದು ಎಣಿಸಲಾಗಿರುವುದು ಒಂದು ಕವಿತೆ. ಕ್ರಿ.ಶ. 752ರಲ್ಲಿ ಜಪಾನಿನ ಮಹಾರಾಣಿ ಕೋಕೆನ್, ಬೇಸಗೆಯಲ್ಲಿಯೇ ಹಳದಿಗೊಂಡ ಒಂದು ಕಾಡುಗಿಡವನ್ನು ಕುರಿತು ಬರೆದದ್ದು. ಮಾನ್ಯೋಷು ಎಂಬ ಪ್ರಾಚೀನ ಸಂಕಲನದಲ್ಲಿದೆ. ಆ ಹಳದಿಗೆ ಬಿಳಿನೊಣಗಳು ಹರಡುವ ವೈರಸ್ ಕಾರಣವೆಂದು 2003ರಲ್ಲಿ ವಿಜ್ಞಾನಿಗಳು ವಿವರಿಸಿದರು. ಹನ್ನೆರಡೂವರೆ ಶತಮಾನ ಸಾಹಿತ್ಯದ ಅಧ್ಯಾಪಕರು ಆ ಪದ್ಯದಲ್ಲಿ ಋತುವರ್ಣನೆಯನ್ನು ಮಾತ್ರ ಕಂಡಿರಬೇಕು. ಸಮಾಧಾನದ ಬದಲು ನನಗೆ ತುಸು ಅಳುಕಾಯಿತು.

ಶಿವರಾತ್ರಿಗೆ ಮುಂಚೆ ಮತ್ತೆ ಹಲವಾಗಲಿಗೆ ಹೋದೆ. ಜೋಳದ ಕಟಾವು ಆಗಿತ್ತು. ಬೆಳಗಿನ ಹೊತ್ತು, ಯಾರಿಗೂ ಹೇಳದೆ, ಬೀಳಿನ ಹುಲ್ಲಿಗೆ ಇಳಿದೆ. ಗರಿಕೆ, ಹೆಸರು ತಿಳಿಯದ ಐದಾರು ಬಗೆಯ ಹುಲ್ಲು, ಅಲ್ಲಲ್ಲಿ ಬಳ್ಳಾರಿ ಜಾಲಿಯ ಸಸಿ. ಬಾಗಿ ಬಾಗಿ ನೋಡಿದೆ. ಮಿಡತೆ ಇತ್ತು, ಜೇಡ ಇತ್ತು, ಕೌಜುಗದ ಗೂಡೊಂದಿತ್ತು. ಪಟ್ಟೆ ಬಿದ್ದ ಎಸಳು ಕಾಣಲಿಲ್ಲ. ಹುಲ್ಲಿನ ಸುಳಿಗೆ ಏರುವ ಇರುವೆಯೂ ಕಾಣಲಿಲ್ಲ. ಮೂಲೆಯಲ್ಲಿ ಕಾಂಗ್ರೆಸ್ ಗಿಡದ ಒಂದು ಗುಂಪಿತ್ತು; ಶೇಂಗಾ ಬಿತ್ತುವವರಿಗೆ ಅದು ಶತ್ರುವಾದೀತೆಂದು ನೆನಪಿಟ್ಟುಕೊಂಡೆ.

ಆಮೇಲೆ ಹಿರಿಯ ಮಾವನವರ ಹೊಲದ ಇನ್ನೊಂದು ತುದಿಗೆ, ಕೊಳವೆಬಾವಿಯ ಹತ್ತಿರ ಹೋದೆ. ಅಲ್ಲಿ ಅರ್ಧ ಎಕರೆ ಹಸಿರು. ಹೋದ ಬೇಸಗೆಯಲ್ಲಿ ಎತ್ತುಗಳ ಮೇವಿಗೆಂದು ಹಾಕಿದ ಜೋಳ; ಕೊಯ್ದಂತೆಲ್ಲ ಕೂಳೆ ಚಿಗುರುತ್ತದೆಂದು ನೀರು ಬಿಡುತ್ತಲೇ ಬಂದಿದ್ದರು. ಪಕ್ಕದಲ್ಲಿ ಮೇವಿನ ಮೆಕ್ಕೆಜೋಳದ ಎರಡು ಮಡಿ, ಒಂದು ಬಲಿತದ್ದು, ಒಂದು ಎಳೆಯದು. ವರ್ಷದ ಹನ್ನೆರಡು ತಿಂಗಳೂ ಅಲ್ಲಿ ಹಸಿರು ತಪ್ಪಿರಲಿಲ್ಲ. ಕೂಳೆಯ ಗರಿಗಳ ಮೇಲೆ ಅದೇ ತಿಳಿಹಳದಿಯ ಪಟ್ಟೆ. ಪ್ರತಿಯೊಂದು ದಂಟಿನ ಮೇಲೂ ಕಪ್ಪಿರುವೆಗಳು ಜಾತ್ರೆಗೆ ಹೊರಟಂತೆ ಸಾಲುಗಟ್ಟಿ ಏರುತ್ತಿದ್ದವು. ಒಂದು ಸುಳಿಯನ್ನು ಬಿಡಿಸಿದೆ. ಒಳಗೆ ಕಂದುಬಣ್ಣದ ಪುಟ್ಟ ಹುಳುಗಳು ಒತ್ತೊತ್ತಾಗಿ ಕುಳಿತಿದ್ದವು. ಕೆಲವು ಮೋಟು ರೆಕ್ಕೆಯವು, ಕೆಲವಕ್ಕೆ ಉದ್ದ ರೆಕ್ಕೆ.

ಕೊಳವೆಬಾವಿಯಿಂದ ಬದುವಿಗೆ ದೂರ ಬಹಳವಿಲ್ಲ. ಗಾಳಿ ಬೀಸುವ ದಿಕ್ಕೂ ಅದೇ. ಬದುವಿನ ಬಳಿ ಬೆಳೆ ಮೊದಲು ಕೆಟ್ಟದ್ದನ್ನು ನೋಡಿ ಬದುವೇ ಮೂಲವೆಂದು ಮಾವನವರು ತಿಳಿದಿದ್ದರು. ಗಾಳಿಯಲ್ಲಿ ತೇಲಿಬಂದ ಹುಳು, ಎತ್ತರದ ಹುಲ್ಲು ಗಾಳಿಯನ್ನು ತಡೆಯುವ ಕಡೆ ಇಳಿಯುವುದು ಸಹಜ. ಕಸ ಬಂದು ನಿಲ್ಲುವ ಮೂಲೆಯೇ ಕಸ ಹುಟ್ಟುವ ಸ್ಥಳವಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಾವನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಸುಳಿ ಬಿಡಿಸಿ ತೋರಿಸಿದೆ. ಕ್ಯಾಲಿಫೋರ್ನಿಯದ ವಿಷಯವನ್ನು ಹೇಳಲಿಲ್ಲ. ಹೇಳಬೇಕಾದ ಅವಶ್ಯಕತೆಯೂ ಬೀಳಲಿಲ್ಲ. ಅವರು ಇರುವೆಗಳನ್ನು ಬಹಳ ಹೊತ್ತು ನೋಡಿದರು. ಐವತ್ತು ವರ್ಷ ಒಕ್ಕಲುತನ ಮಾಡಿದವರಿಗೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ.

"ಹುಲ್ಲಿಗೆ ಮದ್ದು ಹೊಡೆದ್ರ?" ಎಂದರು ಕಡೆಗೆ.

"ಹುಲ್ಲಿನಲ್ಲಿ ಈ ಹುಳು ಇದ್ದರೂ, ಹುಲ್ಲು ಒಣಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಮಾವ? ಪಕ್ಕದಲ್ಲಿ ಹಸಿರಾಗಿರುವ ನಿಮ್ಮ ಪೈರಿಗೇ ಬರುತ್ತದೆ. ಹುಲ್ಲಿನ ಬೇರು ಸತ್ತರೆ ಬರುವ ಮಳೆಗಾಲಕ್ಕೆ ಬದುವೂ ನಿಲ್ಲಲಿಕ್ಕಿಲ್ಲ. ಈ ಕೂಳೆಯನ್ನು ಬೇರುಸಹಿತ ಕಿತ್ತು, ಮುಂಗಾರು ಬಿತ್ತನೆಯವರೆಗೆ ಜೋಳ, ಮೆಕ್ಕೆಜೋಳ ಎರಡರ ಹಸಿರೂ ಹೊಲದಲ್ಲಿ ಇಲ್ಲದಂತೆ ಮಾಡಿದರೆ ಹುಳಕ್ಕೆ ಊಟ ತಪ್ಪುತ್ತದೆ."

ಹವಾಯಿ ದ್ವೀಪಗಳಲ್ಲಿ ಇದೇ ಸುಳಿತಿಗಣೆ ಮೆಕ್ಕೆಜೋಳಕ್ಕೆ ಇನ್ನೊಂದು ವೈರಸ್ ತಂದು ಕಾಡಿದಾಗ ಹೊಲವನ್ನು ಕೆಲವು ಕಾಲ ಬರಿದಾಗಿಡುವ ಉಪಾಯವನ್ನು ಅಲ್ಲಿಯೂ ಹೇಳಿದರು. ಆ ಹವಾಯಿಯಲ್ಲಿ ಮೆಕ್ಕೆಜೋಳದ ತಳಿಶಾಸ್ತ್ರಜ್ಞರಾಗಿದ್ದ ಬ್ರೂಬೇಕರ್ ಎಂಬವರು, ಮಧ್ಯ ಅಮೆರಿಕದ ಪ್ರಾಚೀನ ಮಾಯಾ ನಾಗರಿಕತೆ ಕುಸಿದುದಕ್ಕೆ ಈ ಹುಳು ತಂದ ರೋಗವೇ ಕಾರಣವಿರಬಹುದೆಂದು 1979ರಲ್ಲಿ ಊಹೆಯನ್ನು ಮಂಡಿಸಿದ್ದಾರೆ. ಊಹೆ ಊಹೆಯೇ, ಆದರೆ ಸಾಮ್ರಾಜ್ಯಗಳ ಮೇಲೆಯೇ ಅನುಮಾನಕ್ಕೆ ಎಡೆಗೊಟ್ಟ ಹುಳು ನಮ್ಮ ಮಾವನವರ ಅರ್ಧ ಎಕರೆ ಕೂಳೆಯಲ್ಲಿ ಇರುವೆಗಳಿಗೆ ಸಿಹಿ ಹಂಚುತ್ತ ಕುಳಿತಿದೆಯೆಂಬುದು ಯೋಚಿಸತಕ್ಕದ್ದು.

"ಎಲ್ಲಾ ಕಿತ್ತು ಒಗದ್ರ ಬ್ಯಾಸಿಗ್ಯಾಗ ನನ್ನ ಎತ್ತು ಏನು ತಿನ್ನಬೇಕು?" ಎಂದರು ಮಾವನವರು.

ಇದಕ್ಕೆ ನನ್ನ ಬಳಿಯಲ್ಲಾಗಲಿ ನನ್ನ ಮಿತ್ರರ ಬಳಿಯಲ್ಲಾಗಲಿ ಉತ್ತರವಿರಲಿಲ್ಲ. ಮೇವಿಲ್ಲದೆ ಒಕ್ಕಲುತನವಿಲ್ಲ; ಅವರು ಕೂಳೆ ಬಿಟ್ಟದ್ದು ಸೋಮಾರಿತನದಿಂದಲ್ಲ. ನಾವಿಬ್ಬರೂ ಸುಮ್ಮನೆ ನಡೆದು ಬದುವಿನ ಹತ್ತಿರ ಬಂದೆವು. ಕಿರಿಯ ಅತ್ತೆ ಎಂದಿನಂತೆ ಹುಲ್ಲು ಕೊಯ್ಯುತ್ತಿದ್ದರು. ಕಿರಿಯ ಮಾವ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಜಾಲಿಯ ನೆರಳಿನಲ್ಲಿ ಕುಳಿತಿದ್ದರು. ನನ್ನನ್ನು ನೋಡಿ, "ಬಾರಪ್ಪಾ ಮಾಸ್ತರ, ಏನು ತೀರ್ಪಾತು?" ಎಂದರು. ಅಣ್ಣನ ಕಡೆ ನೋಡಲಿಲ್ಲ.

ನಾನು ನಡೆದುದನ್ನೆಲ್ಲ ಹೇಳಿದೆ. ಇರುವೆಯ ವಿಷಯ, ಕೂಳೆಯ ವಿಷಯ, ಮೇವಿನ ವಿಷಯ. ಹಿರಿಯ ಮಾವನವರು ಟವೆಲ್ಲಿನಿಂದ ಮುಖ ಒರಸಿಕೊಳ್ಳುತ್ತ ಬೇರೆ ದಿಕ್ಕಿಗೆ ತಿರುಗಿ ನಿಂತಿದ್ದರು. ಅತ್ತೆ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಮಾತು ಮುಗಿದ ಮೇಲೆ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು, ಭಾವನವರನ್ನು ನೇರವಾಗಿ ನೋಡದೆ ನನಗೆ ಹೇಳುವಂತೆ ಹೇಳಿದರು:

"ಎರಡು ಹಸ ಎಷ್ಟು ತಿಂದಾವು? ಈ ಕಡಿ ಹುಲ್ಲು ಒಣಗಿ ಹೋಗಾಕತ್ತೈತಿ. ಎತ್ತಿಗೆ ಬೇಕಾದ್ರ ಕೊಯ್ಕೊಂಡು ಹೋಗಾಕ ಹೇಳು."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ ಮಾವನವರು ಬದುವನ್ನು ದಾಟಿ, ಹುಲ್ಲಿನ ಒಂದು ಹಿಡಿಯನ್ನು ಹಿಡಿದು ಬುಡವನ್ನು ಪರೀಕ್ಷಿಸಿದರು. "ಕುಡುಗೋಲು ಹದನಿಲ್ಲ," ಎಂದರು, ಯಾರಿಗೆಂದಿಲ್ಲದೆ.

"ಅದು ನಿಂದ," ಎಂದರು ಕಿರಿಯ ಮಾವ. "ಪಾಲಾದಾಗ ನಮ್ಮ ಕಡಿ ಬಂದುಬಿಟ್ಟೈತಿ."

ಒಂಬತ್ತು ವರ್ಷಗಳ ಮೇಲೆ ಅವರಿಬ್ಬರೂ, ಆ ಕುಡುಗೋಲು ಯಾರದೆಂಬ ವಿಷಯದಲ್ಲಿ ಗಟ್ಟಿಯಾಗಿ ವಾದಿಸತೊಡಗಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಊರ ಕಡೆಗೆ ಹೊರಟೆ. ಪಡಸಾಲೆಯಲ್ಲಿದ್ದ ಡಬ್ಬಿಯನ್ನು ಹಿರಿಯ ಅತ್ತೆ ಅಂಗಡಿಗೆ ಹಿಂದಿರುಗಿಸಲು ನನ್ನ ಕೈಗೆ ಕೊಟ್ಟರು. ಮುಚ್ಚಳದ ಮುದ್ರೆ ಒಡೆದಿರಲಿಲ್ಲ.